ಒಂದು ಮೊರ ತೌಡು

ದೊಡ್ಡವರಿಗೆ ಹೊತ್ತು ಹೋಗದಿದ್ದರೆ ಇಸ್ಪೀಟು ಇದೆ, ಮೊಬೈಲು ಇದೆ, ಪಕ್ಕದ ಮನೆಯವರ ವಿಚಾರವಂತೂ ಇದ್ದೇ ಇದೆ. ಇಷ್ಟೆಲ್ಲ ಇದ್ದೂ ಕೆಲವರು ನಾಲ್ಕು ವರ್ಷದ ಮಗುವನ್ನು ಅಳಿಸಿಯೇ ಹೊತ್ತು ಕಳೆಯಬೇಕೆಂದು ಯಾಕೆ ಹಟ ಹಿಡಿಯುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ಕಂಡರೆ ಕೆಲವರಿಗೆ ಕುತೂಹಲ ಹುಟ್ಟುತ್ತದಂತೆ. ನನಗೆ ಮೈ ಉರಿಯುತ್ತದೆ. ಮಗಳು ಸಿರಿಯನ್ನು ಎತ್ತಿಕೊಂಡು ಕೊಳ್ಳೇಗಾಲದ ನಮ್ಮ ಬೀದಿಗೆ ಇಳಿದರೆ ಸಾಕು, ಕ್ಷೌರದಂಗಡಿಯವನು ಕತ್ತರಿ ಆಡಿಸಿ ಕಿವಿ ಕತ್ತರಿಸಲಾ ಎನ್ನುತ್ತಾನೆ. ದಿನಸಿ ಅಂಗಡಿಯವರು, ನಿಮ್ಮಪ್ಪ ನಿನ್ನನ್ನು ನಮಗೆ ಮಾರಿಬಿಟ್ಟಿದ್ದಾರೆ, ಒಳಗೆ ಬಂದು ಮೂಟೆ ಹೊರು ಎನ್ನುತ್ತಾರೆ. ಮಗುವಿನ ತುಟಿ ನಡುಗಿದ ಕೂಡಲೇ ಇಬ್ಬರೂ ಹಲ್ಲು ಕಿರಿದು ನನ್ನ ಮುಖ ನೋಡುತ್ತಾರೆ. ನಾನೂ ನಗಬೇಕು. ನಗದಿದ್ದರೆ ಈ ಮನುಷ್ಯನಿಗೆ ತಮಾಷೆಯೇ ಗೊತ್ತಿಲ್ಲ ಎಂದು ಹೆಸರು.

ಸಿರಿಯ ಶಾಲೆಯ ಮಿಸ್ ಒಮ್ಮೆ ತಂದೆತಾಯಿಗಳನ್ನೆಲ್ಲ ಆ ಪುಟಾಣಿ ಕುರ್ಚಿಗಳಲ್ಲಿ ಕೂರಿಸಿ ಬುದ್ಧಿ ಹೇಳಿದರು. ಈ ವಯಸ್ಸಿನಲ್ಲಿ ಕೋಪ, ಹೆದರಿಕೆ, ನಾಚಿಕೆ ಎಲ್ಲ ಈಗಷ್ಟೇ ಚಿಗುರುತ್ತಿರುತ್ತವೆ, ತಮಾಷೆ ಯಾವುದು ನಿಜ ಯಾವುದು ಎಂದು ಮಕ್ಕಳಿಗೆ ತಿಳಿಯುವುದಿಲ್ಲ, ಮಗು ಸಿಟ್ಟಾದರೆ ನಗಬೇಡಿ, ಯಾಕೆಂದು ಕೇಳಿ ಎಂದರು. ನಾನು ತಲೆಯಾಡಿಸಿದ ರಭಸಕ್ಕೆ ಹೆಂಡತಿ ಭಾಗ್ಯ ಮೊಣಕೈಯಿಂದ ತಿವಿದಳು. ನಮ್ಮ ಪಕ್ಕದಲ್ಲಿದ್ದ ಅಪ್ಪನೊಬ್ಬ ಅದೇ ಹೊತ್ತಿಗೆ ತನ್ನ ಮಗನ ಚಾಕಲೇಟು ಕಿತ್ತುಕೊಂಡು, ಕಾಗೆ ಎತ್ತಿಕೊಂಡು ಹೋಯಿತು ನೋಡು ಎಂದು ಕಿಟಕಿ ತೋರಿಸುತ್ತಿದ್ದ. ಆ ಹುಡುಗ ಮೀಟಿಂಗ್ ಮುಗಿಯುವವರೆಗೂ ಕಾಗೆಗೆ ಕಾಯುತ್ತ ಕೂತಿದ್ದ.

ಇವರೆಲ್ಲ ಬಿಡಿ, ಬೀದಿಯ ಜನ. ನನ್ನ ನಿಜವಾದ ಶತ್ರು ಇದ್ದದ್ದು ಹೆಂಡತಿಯ ತವರಿನಲ್ಲಿ. ಅದು ಯಳಂದೂರಿನ ಹತ್ತಿರದ ಒಂದು ಹಳ್ಳಿ. ಅತ್ತೆ ನಾಗಮ್ಮನವರು, ಒಂದಿಷ್ಟು ಗದ್ದೆ, ಒಂದು ಹಸು, ನಡುಮನೆಯ ಮೂಲೆಯಲ್ಲಿ ಹಸುವಿಗೆಂದು ಮಿಲ್ಲಿನಿಂದ ತಂದಿಟ್ಟ ತೌಡಿನ ಮೂಟೆ. ಪಕ್ಕದ ಮನೆಯಲ್ಲಿ ಅತ್ತೆಯ ಮೈದುನ ಸಿದ್ದಪ್ಪ. ಮಕ್ಕಳೆಂದರೆ ಪ್ರಾಣ ಬಿಡುವ ಮನುಷ್ಯ. ಆ ಪ್ರೀತಿಯಲ್ಲಿ ಊರಿನ ಒಂದು ಮಗುವನ್ನೂ ಅಳಿಸದೆ ಬಿಟ್ಟವರಲ್ಲ.

ಕೆಲವು ವಾರಗಳಿಂದ ಸಿರಿ ಆ ಮನೆಯಲ್ಲಿ ಹೊಸದೊಂದು ರಂಪ ಶುರು ಮಾಡಿದ್ದಳು. ಅತ್ತೆ ಹಸುವಿಗೆ ತೌಡು ತೆಗೆಯಲು ಮೂಟೆ ಬಿಚ್ಚಿದರೆ ಓಡಿಬಂದು ಅದನ್ನು ತಬ್ಬಿಕೊಳ್ಳುವಳು. ಕೆನ್ನೆ ಉಬ್ಬಿಸಿ, ಕಾಲು ಅಪ್ಪಳಿಸಿ, ಬೇಡ ಬೇಡ ಎಂದು ಕಿರುಚುವಳು. ಅಜ್ಜಿಯ ಕೈಗೆ ಹೊಡೆದೂ ಬಿಟ್ಟಳು. ಇದು ಊರಿಗೆಲ್ಲ ಭಾರಿ ಮನರಂಜನೆಯಾಯಿತು. ಸಿದ್ದಪ್ಪ ನೆಂಟರನ್ನು ಕರೆತಂದು ಜಗಲಿಯಲ್ಲಿ ಕೂರಿಸಿ, ಬೇಕೆಂದೇ ಅತ್ತೆಯ ಕೈಗೆ ಮೊರ ಕೊಡುವರು. ಮಗು ಕಿರುಚಿದಷ್ಟೂ ನೆಂಟರು ಹೊಟ್ಟೆ ಹಿಡಿದುಕೊಂಡು ನಗುವರು. ಯಾಕೆ ಮಗಳೇ ಎಂದು ನಾನು ಕೇಳಿದರೆ ಅಷ್ಟು ಜನರ ಮುಂದೆ ಅವಳು ಬಾಯಿ ಬಿಡುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಭಾಗ್ಯಳನ್ನು ಕೇಳಿದರೆ, ಹಸು ಕಂಡರೆ ಹೊಟ್ಟೆಕಿಚ್ಚಿರಬೇಕು ಎಂದಳು.

ಹೋದ ಭಾನುವಾರ ಭಾಗ್ಯಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಅಪ್ಪ ಮಗಳು ಇಬ್ಬರೇ ಹೋಗಿ, ರಂಪ ಮುಗಿಸಿ, ಮಧ್ಯಾಹ್ನ ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿ ಕೂತೆವು. ತೊಡೆಯ ಮೇಲಿದ್ದ ಸಿರಿ ನನ್ನ ಅಂಗಿಯ ಗುಂಡಿ ತಿರುಗಿಸುತ್ತ ಮೆಲ್ಲಗೆ ಕೇಳಿದಳು.

“ಅಪ್ಪ, ಅಸ ತೌಡೆಲ್ಲ ತಿಂದ್ಬುಟ್ರೆ ನನ್ನ ಎತ್ಕಂಡು ಓಗ್ಬುಡ್ತಾರಾ?”

ಯಾರು, ಎಲ್ಲಿಗೆ ಎಂದು ಕೇಳಿದೆ. ತುಂಡು ತುಂಡಾಗಿ ಎಲ್ಲ ಹೊರಬಂತು. ಸಿದ್ದಪ್ಪ ತಾತ ಹೇಳಿದ್ದರಂತೆ: ನೀನು ಈ ಮನೆಯಲ್ಲಿ ಹುಟ್ಟಿದವಳಲ್ಲ, ಬಳೆ ಮಾರುವ ಹೆಂಗಸಿಗೆ ಒಂದು ಮೊರ ತೌಡು ಕೊಟ್ಟು ನಿನ್ನ ತಗೊಂಡದ್ದು. ತೌಡು ಸಾಲದು ಎಂದು ಅವಳು ಮತ್ತೆ ಬರುತ್ತಾಳೆ. ಇನ್ನೊಂದು ಮೊರ ಕೊಡಲು ಇಲ್ಲದಿದ್ದರೆ ನಿನ್ನನ್ನು ವಾಪಸು ಕರೆದುಕೊಂಡು ಹೋಗುತ್ತಾಳೆ. ನಮ್ಮ ಬೀದಿಗೆ ಬಳೆಯವಳು ಬಂದಾಗಲೆಲ್ಲ ಇವಳು ಮಂಚದ ಕೆಳಗೆ ಸೇರುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ನಾಲ್ಕು ವರ್ಷದ ಮಗು ತನ್ನನ್ನು ತಾನು ಉಳಿಸಿಕೊಳ್ಳಲು ಒಂದು ಹಸುವಿನ ಎದುರು ಒಬ್ಬಳೇ ನಿಂತಿತ್ತು. ನಾವು ಕಡ್ಲೆಪುರಿ ತಿನ್ನುತ್ತ ನೋಡುತ್ತಿದ್ದೆವು.

ಮಿಸ್ ಹೇಳಿಕೊಟ್ಟ ದನಿಯಲ್ಲೇ ಸಮಾಧಾನ ಮಾಡಿದೆ. ನೀನು ಅಮ್ಮನ ಹೊಟ್ಟೆಯಲ್ಲಿದ್ದೆ, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹುಟ್ಟಿದೆ, ನೀನು ನಮ್ಮ ಮಗಳೇ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಮೇಲೇ ಕನಿಕರಪಡುವ ಹಾಗೆ ನೋಡಿದಳು.

“ಅಪ್ಪ ಅಮ್ಮ ಅಂಗೇ ಅಂತಾರೆ, ನಂಬ್ಬೇಡ ಅಂದವ್ರೆ ತಾತ.”

ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ್ದ. ನಾನು ಮಗಳನ್ನು ಎತ್ತಿಕೊಂಡು ಇಳಿದವನೇ ಆಟೋ ಹಿಡಿದು ವಾಪಸು ಹೋದೆ.

ನನ್ನ ಮುಖ ಕಂಡು ಅತ್ತೆ ಗಾಬರಿಯಾದರು. ಅಳಿಯ ಸಿಟ್ಟಾಗಲು ಅವರಿಗೆ ಗೊತ್ತಿರುವ ಕಾರಣ ಒಂದೇ. ಊಟಕ್ಕೆ ಬರೀ ಉಪ್ಸಾರು ಬಡಿಸಿದ್ದು ನೆನಪಾಗಿ ಅವರ ಕಣ್ಣು ಅಂಗಳದ ಕೋಳಿಯ ಕಡೆ ಹೋಯಿತು. ಕೋಳಿಗೂ ವಾಸನೆ ಹತ್ತಿತೋ ಏನೋ, ಬೇಲಿ ದಾಟಿತು. ನಾನು ನೇರ ಜಗಲಿಗೆ ಹೋಗಿ ಸಿದ್ದಪ್ಪನವರ ಎದುರು ನಿಂತೆ. ಮಗುವಿಗೆ ಹೇಳಿದ್ದು ನಿಜವೋ ಎಂದು ಕೇಳಿದರೆ ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತ ನಕ್ಕರು.

“ನಮ್ಮನ್ನೂ ಅಂಗೇ ಅಂದ್ಕಂಡು ಸಾಕಿದ್ದು ಕಣ್ರಿ ಅಳಿಯಂದ್ರೇ. ನಮ್ಗೇನಾಗದೆ?”

ಏನಾಗಿದೆ ಎಂದು ಕನ್ನಡಿ ನೋಡಿಕೊಳ್ಳಿ ಎಂದೆ. ಅಲ್ಲಿಂದ ನನಗೆ ಲಗಾಮು ಇರಲಿಲ್ಲ. ಮಗು ಇಷ್ಟು ದಿನ ಹೆದರಿಕೊಂಡು ನಡುಗಿದೆ, ನೀವು ಅದಕ್ಕೆ ನೆಂಟರನ್ನು ಕರೆಯುತ್ತೀರಿ, ವಯಸ್ಸಾದವರಿಗೆ ನಾಚಿಕೆ ಬೇಡವೇ, ಮಕ್ಕಳ ಮನಸ್ಸೇನು ನಿಮ್ಮ ಕಾಲೊರಸೇ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ನಾನು ಕೆಲಸ ಮಾಡುವ ಹನೂರಿನ ಬ್ಯಾಂಕಿನಲ್ಲಿ ವಾರವೆಲ್ಲ ಗ್ರಾಹಕರ ಮುಂದೆ ನುಂಗಿಕೊಂಡದ್ದೂ ಅದರ ಜೊತೆಗೇ ಬಂದಿರಬೇಕು. ಯಾವಾಗ ಕೆನ್ನೆ ಉಬ್ಬಿಸಿದೆನೋ, ಯಾವಾಗ ಕಾಲು ಅಪ್ಪಳಿಸಿದೆನೋ ನನಗೇ ತಿಳಿಯದು. ಜಗಲಿಯ ಧೂಳೆದ್ದು ಸಿದ್ದಪ್ಪನವರ ಎಲೆಯ ಮೇಲೆ ಬಿತ್ತು. ಅವರ ನಗು ನಿಂತಿತು.

ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದರು. ಆಮೇಲೆ ಬಂದು ಸಿರಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ನೋಡವ್ವ ನಿಮ್ಮಪ್ಪನ್ನ. ತೌಡು ಕೊಟ್ಟು ತಂದಿದ್ರೆ ಈ ಕ್ವಾಪ ಎಲ್ಲಿಂದ ಬತ್ತಿತ್ತು ನಿಂಗೆ?”

ಸಿರಿ ನನ್ನ ಕಾಲನ್ನು ನೋಡಿದಳು, ಕೆನ್ನೆ ನೋಡಿದಳು. ತನ್ನ ಕೆನ್ನೆ ಉಬ್ಬಿಸಿ ಕೈಯಿಂದ ಮುಟ್ಟಿ ನೋಡಿಕೊಂಡಳು. ಸಿದ್ದಪ್ಪ ತಲೆ ಎತ್ತದೆ, ನಾನು ಹೇಳಿದ್ದು ಸುಳ್ಳು ಕಣವ್ವ ಎಂದರು. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ, ಒಳಗೆ ಓಡಿ ಎರಡೂ ಕೈಯಲ್ಲಿ ತೌಡು ತುಂಬಿಕೊಂಡು ಬಂದು ಹಸುವಿನ ಮುಂದೆ ಸುರಿದಳು. ಸಿದ್ದಪ್ಪನವರನ್ನು ನಾನಿನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಆತುರವೂ ನನಗಿಲ್ಲ.

ಸಂಜೆ ಮತ್ತೆ ಯಳಂದೂರು ಬಸ್ ಸ್ಟ್ಯಾಂಡು. ಊರಿಗೆ ಹೋಗುವವರು, ದೇವರ ದರ್ಶನ ಮುಗಿಸಿ ಬೆಟ್ಟದಿಂದ ಇಳಿದವರು, ಕಾಲಿಡಲು ಜಾಗವಿಲ್ಲ. ಸಿರಿ ನನ್ನ ಬೆರಳು ಜಗ್ಗಿ, ಇನ್ನೊಂದು ಸಲ ಕೋಪ ಮಾಡಿಕೋ ಎಂದಳು. ಹಾಗೆಲ್ಲ ಕೇಳಿದಾಗ ಕೋಪ ಬರುವುದಿಲ್ಲ ಮಗಳೇ ಎಂದು, ತಿಳಿದವನಂತೆ ನಾಲ್ಕು ಮಾತು ಹೇಳಿದೆ. ಅವಳು ಬೆರಳು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಇವನು ಯಾರಿರಬಹುದು ಎನ್ನುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡತೊಡಗಿದಳು. ಅಷ್ಟು ಜನರ ನಡುವೆ, ಕಂಡಕ್ಟರು ನೋಡುತ್ತಿದ್ದ ಹಾಗೆಯೇ, ನಾನು ಕೆನ್ನೆ ಉಬ್ಬಿಸಿ ಕಾಲು ಅಪ್ಪಳಿಸಿದೆ.