ಕೊಡು ಅಂದರೆ ಕೊಡದ ಡಿಸ್ಕು

ಆಫೀಸಿನಲ್ಲಿ ಎಲ್ಲರೂ ‘ಪರೀಕ್ಷೆ ಅಕ್ಕ’ ಎಂದೇ ಕರೆಯುತ್ತಿದ್ದ ಆಕೆಯ ಕೆಲಸವನ್ನು ಹೊರಗಿನವರಿಗೆ ಹೇಳಿದರೆ ಹುಚ್ಚು ಅಂದುಕೊಂಡಾರು. ಕಂಪ್ಯೂಟರಿನ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರು. ಅದನ್ನು ಚಾಲೂ ಮಾಡಿ, ಓಡುತ್ತಿರುವಾಗಲೇ “ಡಿಸ್ಕು ಕೊಡು” ಎಂದು ಕೇಳಬೇಕು. ಮಾಹಿತಿ ತುಂಬಿಡುವ ಆ ಡಿಸ್ಕನ್ನು ಅದು ತಕರಾರಿಲ್ಲದೆ ಕಳಚಿ ಬಿಟ್ಟುಕೊಡಬೇಕು. ಆಮೇಲೆ ಆಫ್ ಮಾಡಬೇಕು, ಮತ್ತೆ ಚಾಲೂ ಮಾಡಬೇಕು, ಮತ್ತೆ ಕೇಳಬೇಕು.

“ಸಾಲಾಗಿ ನೂರು ಸಲ ತಪ್ಪದೆ ಕೊಟ್ಟುಬಿಡ್ಲಿ, ನೀವು ಆರಾಮಾಗಿ ಮನೆಗೆ ಹೋಗಿ,” ಎಂದಿದ್ದರು ಮ್ಯಾನೇಜರು.

ಅವತ್ತು ಸಂಜೆ ನಾಲ್ಕಕ್ಕೆ ಮಗಳ ಶಾಲೆಯಲ್ಲಿ ನಾಟಕ. ಮಗಳದು ಮರದ ಪಾತ್ರ. ಹಿಂದಿನ ಎರಡು ನಾಟಕ ತಪ್ಪಿಸಿಕೊಂಡಿದ್ದ ಅಮ್ಮನಿಗೆ ಬೆಳಿಗ್ಗೆಯೇ ಎಚ್ಚರಿಕೆ ಸಿಕ್ಕಿತ್ತು: “ಮರ ಅಳಬಾರದಂತೆ ಅಮ್ಮ. ನೀನು ಬರದಿದ್ರೆ ಅಳುತ್ತೆ.”

ಮೂವತ್ತೇಳನೇ ಸಲಕ್ಕೆ ಯಂತ್ರ ಡಿಸ್ಕು ಕೊಡದೆ ಮೂಕವಾಯಿತು. ಮತ್ತೆ ಒಂದರಿಂದ ಶುರು. ಎಂಬತ್ತೊಂದಕ್ಕೆ ಮತ್ತೆ ಮೌನ. ಅಷ್ಟರಲ್ಲಿ ಕುರ್ಚಿಯ ಹಿಂದೆ ಬಸ್ ನಿಲ್ದಾಣದಷ್ಟು ಜನ.

“ಕೇಬಲ್ ಬದಲಾಯಿಸಿ ನೋಡಕ್ಕ,” ಎಂದ ಜಾಹೀರಾತು ವಿಭಾಗದವನು.

“ಅಲ್ಲಿ ಡಿಸ್ಕೇ ಇಲ್ಲ ಕಣಪ್ಪ, ಎಲ್ಲಾ ಬರೀ ನಟನೆ. ಕೇಬಲ್ ಎಲ್ಲಿಂದ ತರ್ಲಿ?”

“ಹಂಗಾದ್ರೆ ಸಡಿಲ ಆಗಿರ್ಬೇಕು,” ಎಂದ ಅವನು, ಸೋಲೊಪ್ಪದೆ.

ಊಟ ಬಿಟ್ಟು, ಯಂತ್ರ ಬರೆದಿಟ್ಟ ಸಾವಿರಾರು ಸಾಲು ವರದಿಯನ್ನು ಒಂದೊಂದಾಗಿ ಓದಿದ ಅಕ್ಕನಿಗೆ ಎರಡು ಗಂಟೆಗೆ ಹೊಳೆಯಿತು. ಕೆಟ್ಟ ಎರಡೂ ಸಲ ಯಂತ್ರ ಪೂರ್ತಿ ಎದ್ದಿರಲೇ ಇಲ್ಲ. ಅರೆನಿದ್ದೆಯ ಮಗುವಿಗೆ “ಗೊಂಬೆ ಕೊಡು” ಎಂದರೆ ಕಿವಿಗೆ ಬಿದ್ದೀತೇ? ಎದ್ದಿದೆಯೇ ಎಂದು ನೋಡಿಕೊಂಡೇ ಕೇಳುವಂತೆ ಎರಡು ಸಾಲು ಬರೆದು ಸೇರಿಸಿದಳು. ಮೂರು ಗಂಟೆಗೆ ನೂರೂ ಸಲೀಸಾಗಿ ಮುಗಿದವು.

ಮ್ಯಾನೇಜರು ಎದ್ದೇ ನಿಂತರು. “ಆರು ತಿಂಗಳಿಂದ ಐದು ಜನ ತಲೆ ಕೆರ್ಕೊಂಡ್ರೂ ಸಿಗದ ತಪ್ಪು ಇದು. ಏನು ತಾಳ್ಮೆ, ಏನು ಕಣ್ಣು ಮೇಡಂ ನಿಮ್ದು.” ಹೊಗಳಿಕೆಯಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಜಾಹೀರಾತಿನವನೂ ಕೈಮುಗಿದ.

ಅಕ್ಕ ಚೀಲ ಹೆಗಲಿಗೇರಿಸಿದಳು.

“ಒಂದೇ ನಿಮಿಷ. ಈ ತೊಂದರೆ ಅನುಭವಿಸ್ತಿರೋ ಗಿರಾಕಿಗಳು ಹೊರಗೇ ಕೂತಿದಾರೆ. ಇದು ಹೇಗೆ ಕೆಡುತ್ತೆ ಅಂತ ಒಂದ್ಸಲ ತೋರಿಸ್ಬಿಡಿ, ಸಾಕು,” ಎಂದರು ಮ್ಯಾನೇಜರು.

ಬರೆದ ಎರಡು ಸಾಲು ಅಳಿಸಿ, ಗಿರಾಕಿಗಳ ಮುಂದೆ ಓಡಿಸಿದಳು. ಯಂತ್ರವೋ, ರಜಾದಿನದ ಮಗುವಿನ ಹಾಗೆ ಕರೆಯುವ ಮೊದಲೇ ಎದ್ದು ಕೂತು, ಕೇಳಿದ ಕೂಡಲೇ ಕೊಡತೊಡಗಿತು. ಐವತ್ತು. ತೊಂಬತ್ತು. ನೂರಾ ಹತ್ತು. ನಾಲ್ಕಾಗಲು ಐದೇ ನಿಮಿಷ.

“ಎಷ್ಟು ಚೆನ್ನಾಗಿ ಓಡ್ತಿದೆಯಲ್ರೀ,” ಎಂದರು ಗಿರಾಕಿಯೊಬ್ಬರು, ಕುರ್ಚಿ ಹತ್ತಿರ ಎಳೆದುಕೊಂಡು.

ಮ್ಯಾನೇಜರು ಬೆವರೊರೆಸಿಕೊಂಡು ಅಕ್ಕನ ಕಡೆಗೆ ಬಾಗಿದರು. “ಒಂದೇ ಒಂದು ಸಲ ಕೆಡ್ಲಿ ಮೇಡಂ. ಶಾಲೆಗೆ ನಾನೇ ಕಾರಲ್ಲಿ ಬಿಟ್ಟು ಬರ್ತೀನಿ.”

ನೂರಾ ಹನ್ನೊಂದನೆಯದೂ ಸರಿಯಾಗಿಯೇ ಬಂತು.