ಎಲೆ ಅಡಿಕೆಯಲ್ಲಿ ಮುಗಿದ ಯುದ್ಧ

ಎಂಥ ಸಾಧು ಮನುಷ್ಯನಿಗೂ ಯುದ್ಧ ಬೇಕೇ ಬೇಕು ಅನ್ನಿಸುವ ಗಳಿಗೆ ಬರುತ್ತದೆ. ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ನನಗೆ ಅದು ಬಂದದ್ದು ಶಿರಾದಲ್ಲಿ, ಹೈಸ್ಕೂಲು ಮೇಷ್ಟ್ರಾಗಿದ್ದಾಗ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರು ಬಂದು ಪಾಠ ನೋಡಿ ಹೂಂ ಅಂದರೆ ಸರಿ, ಇಲ್ಲದಿದ್ದರೆ ಮಾವನ ಮನೆಯೇ ಗತಿ. ನನ್ನ ಮಾವನನ್ನು ನೀವು ನೋಡಿಲ್ಲ, ಪುಣ್ಯವಂತರು.

ಆ ವರ್ಷ ಪಠ್ಯವಾಗಿದ್ದದ್ದು ಒಂದು ಹೆಸರಾಂತ ಯುದ್ಧ ಕಾದಂಬರಿ, ದಿಂಬಿನಷ್ಟು ದಪ್ಪ. ಹುಡುಗರು ಅದನ್ನು ದಿಂಬಾಗಿಯೇ ಬಳಸುತ್ತಿದ್ದರು. ಹೊಸ ತರಬೇತಿಯ ಹುರುಪಿನಲ್ಲಿ ನಾನು, ಆಡಿ ಕಲಿಯಲಿ ಎಂದು ತರಗತಿಯನ್ನು ಎರಡು ಸೈನ್ಯ ಮಾಡಿದೆ. ಒಂದಕ್ಕೆ ಹುಲಿಕುಂಟೆಯ ಕುರಿ ಸಾಕುವವರ ಮನೆಯ ರಂಗಪ್ಪ ದಂಡನಾಯಕ. ಇನ್ನೊಂದಕ್ಕೆ ಪೇಟೆಯ ಎಲೆ ಅಡಿಕೆ ಅಂಗಡಿಯವರ ಮಗ ಗೌಸ್. ಕಥೆಯಲ್ಲಿ ಗೌಸನ ಕಡೆಯ ಕುದುರೆಗಳು ರಂಗಪ್ಪನ ಕಡೆಯ ಪೈರಿಗೆ ನುಗ್ಗುತ್ತವೆ, ಅಲ್ಲಿಂದ ಯುದ್ಧ. “ನಿಮ್ಮೂರಲ್ಲೇ ಆದಂತೆ ತಿಳಿದು ಆಡಿ” ಎಂದು ಬೇರೆ ಹೇಳಿದೆ. ಕೆಟ್ಟದ್ದು ಅಲ್ಲೇ.

ಇನ್ಸ್‌ಪೆಕ್ಟರು ಬಂದು ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸೈನ್ಯಗಳು ಕೋಲು ಹಿಡಿದು ಎದುರುಬದುರಾದವು. ರಂಗಪ್ಪ ಗುಡುಗಿದ: “ಲೇ, ನಿನ್ ಕುದ್ರೆಗಳು ನಮ್ ಹೊಲ ಮೇಯ್ದ್‌ಬುಟ್ಟವೆ ಕಣ್ಲಾ!” ಭಲೆ ಎಂದುಕೊಂಡೆ. ಅಷ್ಟರಲ್ಲಿ ಎರಡೂ ಕಡೆಯವರು ಕೋಲು ಕೆಳಗಿಟ್ಟು ಬೇವಿನ ಮರದಡಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು! ಅವರೂರಲ್ಲಿ ಯಾರದೋ ಕುರಿ ಯಾರದೋ ಹೊಲಕ್ಕೆ ನುಗ್ಗಿದರೆ ಹಿರಿಯರು ಕೂತು ರಾಜಿ ಮಾಡುತ್ತಾರಲ್ಲ, ಅದೇ ಇಲ್ಲೂ ಶುರುವಾಯಿತು. ಗೌಸ್, “ತಪ್ಪಾಯ್ತಣ್ಣ, ಮಾಫ್ ಮಾಡ್‌ಬುಡು” ಎಂದು ಚೀಲದಿಂದ ಎಲೆ ಅಡಿಕೆ ತೆಗೆದುಕೊಟ್ಟ. ಯುದ್ಧ ಮುಗಿಯಿತು. ಕಾದಂಬರಿ ಮಾತ್ರ ಇನ್ನೂ ಮುಕ್ಕಾಲುಪಾಲು ಬಾಕಿ ಇತ್ತು.

“ಏನ್ರೀ ಮೇಷ್ಟ್ರೆ, ಯುದ್ಧ ಎಲ್ಲಿ?” ಎಂದರು ಇನ್ಸ್‌ಪೆಕ್ಟರು. ನಾನು ಮರದಡಿಗೆ ಓಡಿ, “ಹೊಡೆದಾಡ್ರೋ! ನನ್ನ ಅನ್ನದ ಪ್ರಶ್ನೆ ಕಣ್ರೋ!” ಎಂದು ಕಿರುಚಿದೆ. ಇಡೀ ಮೈದಾನದಲ್ಲಿ ರಕ್ತ ಕೇಳುತ್ತಿದ್ದವನು ನಾನೊಬ್ಬನೇ.

ರಂಗಪ್ಪ ನನ್ನನ್ನು ಕನಿಕರದಿಂದ ನೋಡಿದ. ಕೈ ಹಿಡಿದು ಕರೆದೊಯ್ದು ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸಿದ. “ಸಾ, ನಮ್ ಮೇಷ್ಟ್ರು ಒಳ್ಳೇರು. ಹೆಂಗೋ ಇಬ್ರೂ ಹೊಂದ್ಕಂಡು ಹೋಗ್‌ಬುಡಿ” ಎಂದು ಗೌಸನ ಚೀಲವನ್ನೇ ಅವರ ಕೈಗಿಟ್ಟ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಚೀಲ ಖಾಲಿಯಾಗುವವರೆಗೂ ಮೆದ್ದರು. ನನ್ನನ್ನು ಕಾಯಂ ಮಾಡಲು ಶಿಫಾರಸು ಬರೆದರು. ಜೊತೆಗೆ ಪಾವಗಡಕ್ಕೆ ವರ್ಗವನ್ನೂ.

ಮನೆಯಲ್ಲಿ ಸುದ್ದಿ ಹೇಳಿದೆ. ಹೆಂಡತಿ ಒಲೆ ಊದುತ್ತಿದ್ದ ಕೊಳವೆ ಹಿಡಿದೇ ಎದ್ದಳು. “ಪಾವಗಡಾನಾ? ಅಲ್ಲೆಲ್ಲಾ ತೆಲುಗು! ನಾನು ಯಾರ ಹತ್ರ ಮಾತಾಡ್ಲಿ, ಗೋಡೆ ಹತ್ರಾನಾ?” ಎಂದು ಒಂದು ಹೆಜ್ಜೆ ಮುಂದೆ ಬಂದಳು.

ನಾನು ಅವಸರವಾಗಿ ಜೇಬು ತಡಕಿದೆ. ಒಂದು ಅಡಿಕೆ ಚೂರೂ ಇರಲಿಲ್ಲ.