ಕಾಂಪೌಂಡರ್ ಆಗದಿರಲು ನಾನು ಹಾಕಿದ ಲೆಕ್ಕ

ವೇದವಲ್ಲಿ: ಬೂಟಿಗೆ ಹದಿನೆಂಟು ರೂಪಾಯಿ ಯಾಕ್ರೀ ಬರೆದಿದ್ದೀರಿ? ಕಾಂಪೌಂಡರು ಔಷಧಿ ಕೊಡೋದು ಕೈಯಲ್ಲೋ, ಕಾಲಲ್ಲೋ?

ನಾನು: ಮೈಸೂರಲ್ಲಿ ಬರಿಗಾಲಲ್ಲಿ ಹೋದ್ರೆ ಕ್ಲಾಸೊಳಗೆ ಸೇರಿಸೋಲ್ಲ ಕಣೇ.

ವೇದವಲ್ಲಿ: ಕೊಡೆಗೆ ಆರು, ಗಡಿಯಾರಕ್ಕೆ ಅರವತ್ತು... ನೀವು ಓದೋಕೆ ಹೊರಟಿದ್ದೀರೋ, ಹಸೆಮಣೆ ಏರೋಕೋ?

ಅರಸೀಕೆರೆಯಲ್ಲಿ ಎಲ್ಲರೂ ನನ್ನನ್ನು ಕಾಂಪೌಂಡರ್ ಗೋಪಾಲಸ್ವಾಮಿ ಎನ್ನುತ್ತಾರೆ. ನಿಜ ಹೇಳಬೇಕೆಂದರೆ, ಒಂಬತ್ತು ವರ್ಷದಿಂದ ಡಾಕ್ಟರ ಷಾಪಿನಲ್ಲಿ ಸೀಸೆ ತೊಳೆದು, ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸುವ ಕಾಗದದ ಪಟ್ಟಿ ಅಂಟಿಸುವುದೇ ನನ್ನ ವೈದ್ಯವಿದ್ಯೆ. ಈಗ ಸರ್ಟಿಫಿಕೇಟ್ ಇಲ್ಲದವರನ್ನು ಇಟ್ಟುಕೊಳ್ಳುವಂತಿಲ್ಲವಂತೆ. ಒಂದು ವರ್ಷ ಓದಿ ಪಾಸಾದರೆ ನನ್ನ ಸ್ಟೂಲು ನನಗೆ, ಇಲ್ಲದಿದ್ದರೆ ಡಾಕ್ಟರ ಸೋದರಳಿಯನಿಗೆ. ಮೈಸೂರಿನ ಕಾಂಪೌಂಡರ್ ಕ್ಲಾಸಿನ ನೋಟೀಸನ್ನು ಡಾಕ್ಟರೇ ಕೊಟ್ಟಿದ್ದಾರೆ, ಅರ್ಜಿಗೆ ನಾಳೆಯೇ ಕೊನೆ.

ನನ್ನ ಹೆಂಡತಿ ವೇದವಲ್ಲಿ “ಹೋಗಿ” ಎನ್ನುತ್ತಾಳೆ. ನಾನು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ, ನಷ್ಟವೇ ಬರಬೇಕೆಂದು ಪಣ ತೊಟ್ಟು, ಲೆಕ್ಕ ಬರೆಯುತ್ತಿದ್ದೆ. ಏಕೆಂದರೆ ಅರ್ಜಿಯ ಜೊತೆ ಎಸ್.ಎಸ್.ಎಲ್.ಸಿ. ಪತ್ರ ಲಗತ್ತಿಸಬೇಕು. ನಮ್ಮ ಲಗ್ನಪತ್ರಿಕೆಯಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸು. ಸರ್ಕಾರ ಮಾತ್ರ ಇನ್ನೂ ಒಪ್ಪಿಲ್ಲ.

ನಾನು: ಊಟ, ರೂಮು, ತಿಂಗಳಿಗೆ ನಲವತ್ತು.

ವೇದವಲ್ಲಿ: ಮೈಸೂರಲ್ಲಿ ನಮ್ಮಣ್ಣ ಇರೋದು ಮರೆತೋಯ್ತಾ? ಅಲ್ಲಿ ಉಳ್ಕೊಳ್ಳಿ. ಸೊನ್ನೆ ಬರೀರಿ.

ನಾನು: ವರ್ಷ ಪೂರ್ತಿ ಭಾವನ ಮನೇಲಿ ಬಿದ್ದಿರೋದಾ? ಹೋಗೋ ಮಾನಕ್ಕೂ ಬೆಲೆ ಹಾಕ್ಬೇಕಲ್ಲ!

ವೇದವಲ್ಲಿ: ಧಾರಾಳವಾಗಿ ಹಾಕಿ. ಎರಡಾಣೆ ಆಗುತ್ತೆ.

ನಾನು: ಫೀಸು ನೂರಿಪ್ಪತ್ತು?

ವೇದವಲ್ಲಿ: ನನ್ನ ಬಳೆ ಇದೆ.

ಖರ್ಚು ಕಣ್ಣೆದುರೇ ಕರಗಿತು. ಸಂಪಾದನೆಯನ್ನಾದರೂ ಕುಗ್ಗಿಸೋಣವೆಂದು ಪೆನ್ಸಿಲ್ ಕಚ್ಚಿದೆ.

ನಾನು: ಆಮೇಲೆ ಸಂಬಳ ಎಂಬತ್ತು ಅಂತಿಟ್ಕೋ. ಕಣಕಟ್ಟೆ ಸೋದರತ್ತೆ ಮಂಡಿನೋವು, ಎದುರುಮನೆ ಲಲಿತಮ್ಮನ ಕೆಮ್ಮು, ಎಲ್ಲಾ ಬಿಟ್ಟಿ. ಅದನ್ನ ಕಳೀಬೇಕು.

ವೇದವಲ್ಲಿ: ಈಗ ಮೂವತ್ತೈದು ರೂಪಾಯಿ ಸಂಬಳದಲ್ಲೇ ಅವರ ನೋವು, ಕೆಮ್ಮು ಎರಡೂ ಸಾಕ್ತಿದ್ದೀರಲ್ಲ!

ನಾನು: ರಕ್ತ ಕಂಡ್ರೆ ನಂಗೆ ತಲೆ ಸುತ್ತುತ್ತೆ.

ವೇದವಲ್ಲಿ: ಕಾಂಪೌಂಡರು ಕಲೆಸೋದು ಔಷಧೀನ್ರೀ, ರಕ್ತಾನಲ್ಲ. ಕೂಡಿಸಿ ಹೇಳಿ ಈಗ.

ಮೇಲಿಂದ ಕೂಡಿಸಿದೆ, ಕೆಳಗಿಂದ ಕೂಡಿಸಿದೆ. ಲೆಕ್ಕದಲ್ಲಿ ಫೇಲಾದವನಿಗೂ ಕಾಣುವಷ್ಟು ಲಾಭ ಬಂತು.

ವೇದವಲ್ಲಿ: ಸರಿ. ಎಸ್.ಎಸ್.ಎಲ್.ಸಿ. ಪತ್ರ ತೆಗೀರಿ.

ನಾನು: ಗೆದ್ದಲು ತಿಂದಿದೆ.

ವೇದವಲ್ಲಿ: ನಿಮ್ಮ ಪೆಟ್ಟಿಗೆ ತಗಡಿಂದು.

ನಾನು: ವೇದಾ... ನಾನು ಪಾಸಾಗಿಲ್ಲ ಕಣೇ.

ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅವಳು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಲೇ ಇದ್ದಳು.

ವೇದವಲ್ಲಿ: ಎಷ್ಟು ಸಲ ಕಟ್ಟಿದ್ರಿ?

ನಾನು: ಮೂರು.

ವೇದವಲ್ಲಿ (ಮೊರ ಕೆಳಗಿಟ್ಟು): ಮೂರಾ! ನಮ್ಮಪ್ಪ ವಿಚಾರಿಸಿದಾಗ ನಿಮ್ಮ ಸ್ಕೂಲಿನೋರು ಎರಡು ಅಂದಿದ್ರು! ಒಂದನ್ನ ಮುಚ್ಚಿಟ್ರಾ?

ನಾನು: ಅಂದ್ರೆ, ನಿಂಗೆ ಮೊದಲೇ ಗೊತ್ತಿತ್ತಾ?

ವೇದವಲ್ಲಿ: ನಮ್ಮಪ್ಪ ಬೇಲೂರಲ್ಲಿ ಮೇಷ್ಟ್ರಾಗಿದ್ದೋರು. ಅಳಿಯನ ಮಾರ್ಕು ನೋಡದೆ ಬಿಡ್ತಾರಾ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಿಮ್ಮದು ಅದರಲ್ಲೊಂದು. ಅದಿರಲಿ, ಈ ನೋಟೀಸನ್ನ ಕೊನೇವರೆಗೂ ಓದಿದ್ರಾ?

ನಾನು: ಮೊದಲನೇ ಸಾಲಿಗೇ ಜ್ವರ ಬಂತು.

ವೇದವಲ್ಲಿ: ಕೊನೇ ಸಾಲು ಕೇಳಿ. ಐದು ವರ್ಷ ಅನುಭವ ಇದ್ರೆ ಎಸ್.ಎಸ್.ಎಲ್.ಸಿ. ಫೇಲಾದೋರೂ ಅರ್ಜಿ ಹಾಕ್ಬಹುದು.

ನೋಟೀಸು ಪೂರ್ತಿ ಇಂಗ್ಲಿಷಿನಲ್ಲಿತ್ತು.

ನಾನು: ನಿಂಗೆ ಇಂಗ್ಲಿಷ್ ಹೇಗೆ ಬರುತ್ತೆ? ನಾಲ್ಕನೇ ಕ್ಲಾಸಿಗೇ ಬಿಡಿಸಿದೆ ಅಂದಿದ್ರಲ್ಲ ನಿಮ್ಮಪ್ಪ?

ವೇದವಲ್ಲಿ: ನಾನು ಎಸ್.ಎಸ್.ಎಲ್.ಸಿ. ಪಾಸು. ಒಂದೇ ಸಲಕ್ಕೆ. ಗಂಡಿಗಿಂತ ಜಾಸ್ತಿ ಓದಿದ ಹೆಣ್ಣನ್ನ ನಿಮ್ಮಮ್ಮ ಒಪ್ತಿದ್ರಾ? ನಿಮ್ಮ ಕಡೆಯೋರು ನಿಮ್ಮನ್ನ ಪಾಸು ಮಾಡಿಸಿದ್ರು, ನಮ್ಮ ಕಡೆಯೋರು ನನ್ನ ಸ್ಕೂಲು ಬಿಡಿಸಿದ್ರು. ಲೆಕ್ಕ ಸಮ ಆಯ್ತು.

ಹನ್ನೊಂದು ವರ್ಷದಿಂದ ಭಾನುವಾರದ ಇಂಗ್ಲಿಷ್ ಪೇಪರಿನ ಅರ್ಥವನ್ನು ಇವಳಿಗೆ ನಾನೇ ಬಿಡಿಸಿ ಹೇಳುತ್ತಿದ್ದೆ. ಗೊತ್ತಿಲ್ಲದ ಮಾತಿಗೆ ನಾನೇ ಅರ್ಥ ಹುಟ್ಟಿಸುತ್ತಿದ್ದೆ. ಇವಳು ಗಲ್ಲಕ್ಕೆ ಕೈಯಿಟ್ಟು “ಹೌದೇನ್ರೀ!” ಎಂದು ಕೇಳುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು: ಹಾಗಿದ್ರೆ ನೀನೇ ಹೋಗಿ ಓದಬಹುದಲ್ಲ?

ವೇದವಲ್ಲಿ: ಹೋಗ್ತಿದ್ದೆ. ಆದ್ರೆ ವರ್ಷ ಪೂರ್ತಿ ಮೂರು ಮಕ್ಕಳಿಗೆ ಸಾರು ಮಾಡೋ ಪರೀಕ್ಷೆ ನೀವು ಪಾಸಾಗ್ಬೇಕು. ಅದಕ್ಕಿಂತ ಇದೇ ಸುಲಭ.

ಪೆನ್ನು ಕೈಗಿತ್ತಳು. ಅರ್ಜಿಯಲ್ಲಿ ಫೇಲಾದವರ ಕಾಲಮಿನಲ್ಲಿ ಸಹಿ ಹಾಕಿದೆ. ಎದೆಯ ಮೇಲಿನ ಕಲ್ಲೊಂದು ಇಳಿದ ಹಾಗಾಯಿತು.

ವೇದವಲ್ಲಿ: ನೀವು ಹೊರಡೋವರೆಗೂ ದಿನಾ ಸಂಜೆ ಪಾಠ. ತಪ್ಪಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ.

ನಾನು: ನಮ್ಮನೇಲಿ ಬೆಂಚೆಲ್ಲಿದೆಯೇ?

ವೇದವಲ್ಲಿ: ಜಗಲಿ ಇದೆಯಲ್ಲ. ಬೀದಿಗೂ ಚೆನ್ನಾಗಿ ಕಾಣುತ್ತೆ.